ನೋವು ಕನ್ನಡದಲ್ಲಿ, ನರ್ಸಿಂಗ್ ಪದವಿ ಮಾತ್ರ ಇಂಗ್ಲಿಷಿನಲ್ಲಿ!

ಕನ್ನಡದ ಯುವಕ ಯುವತಿಯರೇ,

ಪ್ರತಿ ವರ್ಷ ನನ್ನ ಪ್ರೆಸ್ಸಿಗೆ ಎಂ.ಎಸ್‌ಸಿ. ನರ್ಸಿಂಗ್ ಓದುವವರ ಪ್ರಬಂಧಗಳು ಬೈಂಡಿಂಗಿಗೆ ಬರುತ್ತವೆ. ನೂರಾರು ಪುಟ ಇಂಗ್ಲಿಷ್. ಕಡೆಯಲ್ಲಿ ನಾಲ್ಕೈದು ಪುಟ ಕನ್ನಡ. ಅದು ರೋಗಿಗಳಿಗೆ ಕೇಳಿದ ಪ್ರಶ್ನಾವಳಿ, ಅವರಿಂದ ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರ. ಆ ಕನ್ನಡ ಓದಿದರೆ ಹೊಟ್ಟೆ ಉರಿಯುತ್ತದೆ. ಒಂದರಲ್ಲಿ 'ಎದೆಹಾಲು ಕುಡಿಸುವುದು' ಎನ್ನಬೇಕಾದ ಕಡೆ 'ಎದೆ ಆಹಾರ' ಎಂದಿತ್ತು! ತಿದ್ದಿ ಕೊಡಲೇ ಎಂದೆ. "ಬೇಡ ಸಾರ್, ಗೈಡ್ ಸಹಿ ಆಗಿದೆ. ಕನ್ನಡ ಯಾರೂ ನೋಡಲ್ಲ" ಎಂಬ ಉತ್ತರ ಬಂತು.

ಯಾರೂ ನೋಡುವುದಿಲ್ಲವೇ? ಸಹಿ ಹಾಕಿದ ಬಾಣಂತಿ ನೋಡಿದ್ದಾಳಲ್ಲ! ಅವಳಿಗೇನು ಅರ್ಥವಾಯಿತು ಎಂದು ಕೇಳುವವರು ಯಾರು?

ಎಂ.ಎಸ್‌ಸಿ. ನರ್ಸಿಂಗ್ ಎಂದರೆ ಸಣ್ಣ ಓದಲ್ಲ. ನೋಂದಾಯಿತ ನರ್ಸ್ ಆಗಿ, ಬಿ.ಎಸ್‌ಸಿ. ಅಥವಾ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಮುಗಿಸಿ, ಆಮೇಲೆ ಎರಡು ವರ್ಷ ಓದಬೇಕು. ಮಕ್ಕಳ ಶುಶ್ರೂಷೆ, ಹೆರಿಗೆ ಮತ್ತು ಸ್ತ್ರೀರೋಗ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ, ಮೆಡಿಕಲ್ ಸರ್ಜಿಕಲ್ ಎಂದು ಒಂದೊಂದರಲ್ಲಿ ಪರಿಣತಿ. ತೀವ್ರ ನಿಗಾ ಘಟಕಕ್ಕೆಂದೇ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಕೋರ್ಸೂ ಬಂದಿದೆ. ಇವರೇ ನಾಳೆ ನರ್ಸಿಂಗ್ ಕಾಲೇಜುಗಳಲ್ಲಿ ಪಾಠ ಹೇಳುವವರು. ಇವರಿಗೆ ಕನ್ನಡ ಬೇಡವಾದರೆ ಇವರ ಶಿಷ್ಯರಿಗೂ ಬೇಡ. ಬೇರಿಗೇ ಕೊಡಲಿ!

ಭಾಷೆಗೂ ಚಿಕಿತ್ಸೆಗೂ ಏನು ಸಂಬಂಧ ಎನ್ನುವ ಮಹಾನುಭಾವರು ಕೇಳಲಿ. ತಲೆಗೆ ಪೆಟ್ಟು ಬಿದ್ದವನ ಪ್ರಜ್ಞೆ ಅಳೆಯಲು 1974ರಿಂದ ಗ್ಲಾಸ್ಗೋ ಕೋಮಾ ಸ್ಕೇಲ್ ಬಳಕೆಯಲ್ಲಿದೆ. ಒಟ್ಟು 15 ಅಂಕ. ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6. ನಿನ್ನ ಹೆಸರೇನು, ಎಲ್ಲಿದ್ದೀಯ ಎಂದು ಕೇಳಬೇಕು. ಕೈ ಎತ್ತು ಎಂದು ಹೇಳಬೇಕು. ರಾಯಚೂರಿನ ರೈತನೊಬ್ಬನಿಗೆ ಇದನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೇಳಿದರೆ ಅವನು ಕಣ್ಣು ಕಣ್ಣು ಬಿಡುತ್ತಾನೆ. ಅಂಕ ಇಳಿಯುತ್ತದೆ. ಅವನ ಮಿದುಳು ಕೆಟ್ಟಿತೋ, ಪ್ರಶ್ನೆಯೇ ಅರ್ಥವಾಗಲಿಲ್ಲವೋ? ನಿಜವಾಗಿ ಪ್ರಜ್ಞೆ ತಪ್ಪುತ್ತಿರುವಾಗ "ಪಾಪ, ಭಾಷೆ ಬರಲ್ಲ" ಎಂದು ಸುಮ್ಮನಾದರೆ? ಇದು ಅಭಿಮಾನದ ಮಾತಲ್ಲ, ಪ್ರಾಣದ ಮಾತು!

ಮಾನಸಿಕ ರೋಗಿಯ ವಿಷಯದಲ್ಲಂತೂ ಕಾನೂನೇ ಇದೆ. ಚಿಕಿತ್ಸೆಯ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಹೇಳುತ್ತದೆ. ಕಾಯಿದೆ ಕೊಟ್ಟಿದ್ದನ್ನು ಪಠ್ಯಕ್ರಮ ಕಿತ್ತುಕೊಳ್ಳಬಹುದೇ?

ಇಂಗ್ಲಿಷ್ ಬೇಡ ಎಂದು ನಾವು ಹೇಳುತ್ತಿಲ್ಲ. ಹೊರಗಿನಿಂದ ಬಂದು ಹಗಲೂ ರಾತ್ರಿ ನಮ್ಮ ರೋಗಿಗಳ ಸೇವೆ ಮಾಡುವ ಕೇರಳದ ಸೋದರಿಯರ ಮೇಲೂ ನಮಗೆ ಮುನಿಸಿಲ್ಲ. ಅವರಿಗೆ ಕೈ ಮುಗಿಯುತ್ತೇವೆ. ಅವರಲ್ಲಿ ಎಷ್ಟೋ ಮಂದಿ ವಾರ್ಡಿನಲ್ಲೇ ಕನ್ನಡ ಕಲಿತಿದ್ದಾರೆ, ಕಾಲೇಜು ಕಲಿಸಿದ್ದಲ್ಲ. ಜರ್ಮನಿಗೆ ದುಡಿಯಲು ಹೋಗುವ ನರ್ಸ್ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಪಾಸು ಮಾಡಲೇಬೇಕು. ಅದನ್ನು ಸಂಕುಚಿತ ಮನೋಭಾವ ಎಂದು ಯಾರೂ ಕರೆಯುವುದಿಲ್ಲ. ಕರ್ನಾಟಕದಲ್ಲಿ ಕನ್ನಡ ಕೇಳಿದರೆ ಮಾತ್ರ ನಾವು ಪುಂಡರು!

ತಪ್ಪು ನಮ್ಮದೂ ಇದೆ. ನರ್ಸ್ ಕೆಲಸ ಎಂದರೆ ಮೂಗು ಮುರಿಯುವವರು ನಾವೇ. ಮಗಳು ನರ್ಸಿಂಗ್ ಓದುತ್ತೇನೆ ಎಂದರೆ ಗಂಡು ಸಿಗುವುದಿಲ್ಲ ಎನ್ನುವವರು ನಾವೇ. ಮಗ ಓದುತ್ತೇನೆಂದರೆ ನಗುವವರೂ ನಾವೇ. ಹಾಗೆಂದು ಮನೆಯಲ್ಲಿ ಕೂತರೆ ಸೀಟು ಕಾಯುತ್ತದೆಯೇ?

ಸರ್ಕಾರಕ್ಕೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ ನಮ್ಮ ಒತ್ತಾಯ ಇಷ್ಟೆ:

1. ರಾಜ್ಯದಲ್ಲಿ ಸ್ನಾತಕೋತ್ತರ ನರ್ಸಿಂಗ್ ಓದುವ ಪ್ರತಿಯೊಬ್ಬರಿಗೂ ವಾರ್ಡಿನ ಕನ್ನಡದಲ್ಲಿ ಮೌಖಿಕ ಪರೀಕ್ಷೆ ಇರಲಿ. ಪಾಸಾಗದೆ ಪದವಿ ಬೇಡ.

2. ರೋಗಿಯ ಕೈಗೆ ಹೋಗುವ ಪ್ರಶ್ನಾವಳಿ, ಒಪ್ಪಿಗೆ ಪತ್ರಗಳನ್ನು ಕನ್ನಡ ಬಲ್ಲವರು ತಿದ್ದಿದ ಮೇಲೆಯೇ ಬಳಸಲಿ. ಪ್ರತಿ ಪ್ರಬಂಧಕ್ಕೂ ಕನ್ನಡದಲ್ಲಿ ಸಾರಾಂಶ ಕಡ್ಡಾಯವಾಗಲಿ.

3. ಕನ್ನಡ ಮಾಧ್ಯಮದಲ್ಲಿ ಓದಿ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ನರ್ಸುಗಳಿಗೆ ಸಂಬಳ ಸಹಿತ ರಜೆ ಕೊಟ್ಟು ಎಂ.ಎಸ್‌ಸಿ. ಓದಿಸಲಿ.

ಗೆಳೆಯರೇ, ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ನರ್ಸಿಂಗ್ ಮುಗಿಸಿದ ಅಕ್ಕ ತಂಗಿ, ಅಣ್ಣ ತಮ್ಮ ಇದ್ದರೆ ಈ ಪುಟ ಅವರ ಕೈಗೆ ಕೊಡಿ. ಮುಂದಿನ ಅರ್ಜಿ ಹಾಕಿಸಿ. ನಾಳೆ ಐಸಿಯುವಿನಲ್ಲಿ ನಿಮ್ಮ ತಾಯಿ ಕಣ್ಣು ತೆರೆದಾಗ "ಅಮ್ಮಾ, ಎಲ್ಲಿ ನೋವು?" ಎಂದು ಕೇಳುವವರು ಬೇಕಲ್ಲವೇ?

ಏಳಿ, ಕೇಳಿ, ಪಡೆಯಿರಿ!