ಅಡ್ಡಹೆಸರಿನ ಬೆಲೆ

ಗುಂಡುಗುಂಡಗಿರುವ ಮಗುವೆಂದರೆ ಉಂಡುಟ್ಟು ಸುಖವಾಗಿರುವ ಮನೆಯ ಗುರುತು ಎಂಬ ನಂಬಿಕೆ ವಿಜಯನಗರದ ಹೊಸಹಳ್ಳಿಯಂಥ ಕಡೆಯೂ ಇನ್ನೂ ಹೋಗಿಲ್ಲ. ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾರೆ. ಅದೇ ಹುಡುಗಿ ಶಾಲೆಯ ಮೆಟ್ಟಿಲು ಹತ್ತಿದರೆ ‘ಡುಮ್ಮಿ’. ಖೊ ಖೊಗೆ ಗುಂಪು ಕಟ್ಟುವಾಗ ಅವಳನ್ನು ಕೊನೆಗೆ ಕರೆಯುತ್ತಾರೆ. ಕ್ರಮೇಣ ಅವಳು ತರಗತಿಯಲ್ಲಿ ಕೈ ಎತ್ತುವುದನ್ನೂ ಬಿಡುತ್ತಾಳೆ.

ಇದನ್ನು ತಮಾಷೆಯೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ 16ರಿಂದ 24 ವಯಸ್ಸಿನ ಸುಮಾರು 10,000 ಮಂದಿಯನ್ನು 7 ವರ್ಷಗಳ ಬಳಿಕ ಮತ್ತೆ ವಿಚಾರಿಸಿದ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಹರೆಯದಲ್ಲಿ ತೀರಾ ದಪ್ಪಗಿದ್ದ ಹೆಣ್ಣುಮಕ್ಕಳು ಕಡಿಮೆ ಓದಿದ್ದರು. ಅವರ ಮನೆಯ ವರಮಾನ ವರ್ಷಕ್ಕೆ 6,710 ಡಾಲರ್ ಕಡಿಮೆಯಿತ್ತು. ಬುದ್ಧಿಮತ್ತೆ, ತವರಿನ ಸ್ಥಿತಿಗತಿ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಂತರ ಉಳಿಯಿತು. ಬೇರೆ ದೀರ್ಘಕಾಲದ ಕಾಯಿಲೆಯಿದ್ದವರಿಗೆ ಈ ನಷ್ಟವಾಗಿರಲಿಲ್ಲ. ಹಾಗಾದರೆ ಪೆಟ್ಟು ಕೊಟ್ಟದ್ದು ಮೈಭಾರಕ್ಕಿಂತ ಸುತ್ತಲಿನವರ ನೋಟವೇ ಇರಬೇಕು.

ನಮ್ಮಲ್ಲೂ ಸಮಸ್ಯೆ ಬೆಳೆಯುತ್ತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 5 ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕದವರು 2015-16ರಲ್ಲಿ ಶೇ 2.1; 2019-21ರಲ್ಲಿ ಶೇ 3.4. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಯನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು 2020ರಲ್ಲಿ ನಿಯಮವೂ ಬಂತು.

ಆದರೆ ಅಡ್ಡಹೆಸರನ್ನು ತಡೆಯಲು ನಿಯಮವೊಂದೇ ಸಾಲದು. ಚಿಪ್ಸ್ ಪೊಟ್ಟಣ ಕಡಿಮೆ ಮಾಡಿ, ದಿನಕ್ಕೊಂದು ಗಂಟೆ ಆಡಲು ಬಿಡುವುದು ಮನೆಯವರ ಹೊಣೆ. ಹಾಜರಿ ಪುಸ್ತಕದಲ್ಲಿರುವ ಹೆಸರಿನಿಂದಲೇ ಮಗುವನ್ನು ಕರೆಸುವುದು ಮೇಷ್ಟ್ರ ಹೊಣೆ.