ಹಾಲಲ್ಲ ಸ್ವಾಮಿ, ಅದು ನೀರು!

ಜಲಪಾತದ ಫೋಟೊ ಅಂದ್ರೆ ಈಗ ಇರೋದು ಒಂದೇ ಫೋಟೊ. ಊರು ಯಾವುದಾದರೂ ಇರಲಿ, ನದಿ ಯಾವುದಾದರೂ ಇರಲಿ, ಬಂಡೆಯ ಮೇಲೆ ಬಿಳಿ ಸೀರೆ ಒಣಹಾಕಿದ ಹಾಗೆ ಒಂದು ನೀರು. ಹನಿ ಇಲ್ಲ, ಸಿಡಿತ ಇಲ್ಲ, ಕೆಸರಿಲ್ಲ, ಸದ್ದಂತೂ ಇಲ್ಲವೇ ಇಲ್ಲ. ಕೆಳಗೆ ಹೆಸರು ಬರೆಯದಿದ್ದರೆ ಅದು ಜೋಗವೋ, ಹೆಬ್ಬೆಯೋ, ಗಗನಚುಕ್ಕಿಯೋ, ಐಸ್‌ಲ್ಯಾಂಡಿನದೋ ದೇವರೇ ಬಲ್ಲ. ಪತ್ರಿಕೆಯವರು ಎಷ್ಟೋ ವರ್ಷದಿಂದ 'ಹಾಲ್ನೊರೆಯಂತೆ ಧುಮ್ಮಿಕ್ಕುವ' ಅಂತ ಬರೆದೂ ಬರೆದೂ ಆ ಮಾತನ್ನು ಸವೆಸಿದ್ದರು. ಈಗ ನಮ್ಮ ವೀಕೆಂಡ್ ಫೋಟೊಗ್ರಾಫರುಗಳು ಅದನ್ನು ಅಕ್ಷರಶಃ ಮಾಡಿಯೇ ತೋರಿಸ್ತಿದ್ದಾರೆ. ನೀರು ಹೋಗಿ ಹಾಲಾಗಿದೆ.

ಒಂದು ಮಾತು ಮೊದಲೇ ಸ್ಪಷ್ಟ ಮಾಡಿಬಿಡ್ತೀನಿ. ನನ್ನ ಜಗಳ ನಿಧಾನ ಶಟರ್ ಜೊತೆ ಅಲ್ಲ. ಮಲೆನಾಡಿನ ದಟ್ಟ ಕಾಡಿನೊಳಗೆ, ಸಂಜೆ ಆರೂವರೆಗೆ, ಮೋಡ ಕವಿದಾಗ ಬೆಳಕೇ ಇರೋದಿಲ್ಲ. ಅಲ್ಲಿ ಶಟರ್ ಅರ್ಧ ಸೆಕೆಂಡ್ ತೆರೆದಿರಬೇಕು ಅಂತ ಬೆಳಕೇ ಕೇಳುತ್ತೆ, ತೆರೀರಿ. ನನ್ನ ತಕರಾರು ಮಟಮಟ ಮಧ್ಯಾಹ್ನದ್ದು. ಸೂರ್ಯ ನೆತ್ತಿ ಸುಡ್ತಿರೋವಾಗ ಲೆನ್ಸಿಗೆ ಕಪ್ಪು ಗಾಜು ಕಟ್ಟಿ, ಇಲ್ಲದ ಕತ್ತಲೆಯನ್ನು ತಂದುಕೊಂಡು, ನೀರನ್ನು ಹತ್ತಿ ಮಾಡ್ತೀರಲ್ಲ, ಅದರದ್ದು.

ಲೆಕ್ಕ ನೋಡಿ. ಕಡುಬಿಸಿಲಿನಲ್ಲಿ ಐಎಸ್‌ಒ 100, ಅಪರ್ಚರ್ ಎಫ್ 16 ಇಟ್ಟರೆ ಶಟರ್ ಸುಮಾರು 1/125 ಸೆಕೆಂಡ್ ಸಾಕು. ಅದಕ್ಕೆ ಆರು ಸ್ಟಾಪಿನ ಎನ್‌ಡಿ ಫಿಲ್ಟರ್ ಹಾಕಿದರೆ ಅರ್ಧ ಸೆಕೆಂಡ್. ಹತ್ತು ಸ್ಟಾಪಿನದು ಹಾಕಿದರೆ ಬೆಳಕು ಸಾವಿರದಲ್ಲಿ ಒಂದು ಪಾಲಿಗಿಳಿದು, ಶಟರ್ ಎಂಟು ಸೆಕೆಂಡಿಗೆ ಹೋಗುತ್ತೆ. ಕ್ಯಾಮೆರಾ ಇಲ್ಲದವರಿಗೂ ಬೇಜಾರಿಲ್ಲ. 2017ರಲ್ಲಿ ಬಂದ ಐಒಎಸ್ 11ರಿಂದ ಐಫೋನಿನ ಲೈವ್ ಫೋಟೊದಲ್ಲಿ ಲಾಂಗ್ ಎಕ್ಸ್‌ಪೋಷರ್ ಅಂತ ಒತ್ತಿದರೆ ಮುಗೀತು, ಮೂರು ಸೆಕೆಂಡಿನ ತುಣುಕು ಒಂದರ ಮೇಲೊಂದು ಬೆರೆತು ಹಾಲು ತಯಾರು.

ಎಂಟು ಸೆಕೆಂಡ್ ಅಂದ್ರೆ ಎಷ್ಟು ಗೊತ್ತಾ? ಜೋಗದ ಎತ್ತರ 253 ಮೀಟರ್. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, ರಾಜಾ ಜಲಪಾತದ ನೆತ್ತಿಯಿಂದ ಬಿದ್ದದ್ದು ಬುಡ ಸೇರಲು ಏಳು ಸೆಕೆಂಡ್ ಚಿಲ್ಲರೆ ಬೇಕು. ಅಂದರೆ ನಿಮ್ಮ ಒಂದು ಕ್ಲಿಕ್ ಮುಗಿಯೋದರೊಳಗೆ ನೆತ್ತಿಯಲ್ಲಿದ್ದ ನೀರು ಗುಂಡಿ ಸೇರಿ, ಅದರ ಜಾಗಕ್ಕೆ ಬೇರೆ ನೀರೇ ಬಂದಿರುತ್ತೆ. ಫೋಟೊದಲ್ಲಿ ಕಾಣ್ತಿರೋದು ಯಾವ ಕ್ಷಣದ ಜೋಗವೂ ಅಲ್ಲ. ಅದೊಂದು ಸರಾಸರಿ. ಎಕ್ಸೆಲ್ ಶೀಟಿನ ಕೊನೇ ಸಾಲು. ಐದು ದಿನ ಆಫೀಸಲ್ಲಿ ಆವರೇಜ್ ತೆಗೆದು ಸಾಕಾಗಿ ಶನಿವಾರ ಬೆಟ್ಟ ಹತ್ತಿದ ಮೇಲೂ ಅದೇ ಕೆಲಸವಾ?

ಇನ್ನು ಹೆಸರುಗಳ ವಿಷಯ. ರಾಜಾ, ರಾಣಿ, ರೋರರ್, ರಾಕೆಟ್. ಈ ನಾಲ್ಕು ಹೆಸರು ಯಾರೋ ಸುಮ್ಮನೆ ಇಟ್ಟದ್ದಲ್ಲ, ನೀರು ಬೀಳೋ ರೀತಿ ನೋಡಿ ಇಟ್ಟದ್ದು. ರಾಜ ಒಂದೇ ಜಿಗಿತಕ್ಕೆ ನೇರ ಬೀಳ್ತಾನೆ. ರೋರರ್ ಬಂಡೆಗೆ ಢಿಕ್ಕಿ ಹೊಡೆದು ಅಬ್ಬರಿಸ್ತಾನೆ. ರಾಕೆಟ್ ಚಿಮ್ಮಿ ಚಿಮ್ಮಿ, ಬಾಣಬಿರುಸಿನ ಹಾಗೆ ಇಳೀತಾನೆ. ರಾಣಿ ಮಾತ್ರ ಬಂಡೆಯ ಮೈಗೆ ಅಂಟಿಕೊಂಡು, ಬಳುಕಿ, ನೊರೆನೊರೆಯಾಗಿ ಜಾರ್ತಾಳೆ. ನಾಲ್ಕು ಹೆಸರು, ನಾಲ್ಕು ನಡಿಗೆ. ನೀವು ಎಂಟು ಸೆಕೆಂಡ್ ಶಟರ್ ತೆರೆದರೆ ನಾಲ್ವರಿಗೂ ಒಂದೇ ನಡಿಗೆ ಬರುತ್ತೆ, ರಾಣಿಯದ್ದು. ರಾಣಿಗೆ ಅದು ಒಪ್ಪುತ್ತೆ, ನನ್ನ ಅಭ್ಯಂತರ ಇಲ್ಲ. ಆದರೆ ರೋರರ್‌ಗೆ? ಅವನ ಹೆಸರಿನಲ್ಲೇ ಗರ್ಜನೆ ಇದೆ ಕಣ್ರೀ! ಅವನ ಬಾಯಿಗೆ ಹತ್ತಿ ತುರುಕಿ 'ಪ್ರಶಾಂತತೆ' ಅಂತ ಕ್ಯಾಪ್ಶನ್ ಹಾಕ್ತೀರಿ.

ಇಲ್ಲಿತನಕದ್ದು ರುಚಿಯ ಜಗಳ ಅಂತ ಬೇಕಾದರೆ ಬಿಡಿ. ಇನ್ನು ಮುಂದಿನದು ಹಾಗಲ್ಲ.

ಜೋಗದಿಂದ ಒಂದಷ್ಟು ಕಿಲೋಮೀಟರ್ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ, 1964ರದ್ದು. ಶರಾವತಿಯ ನೀರು ಅಲ್ಲಿ ನಿಲ್ಲುತ್ತೆ, ಅಲ್ಲಿಂದ ತಲಕಳಲೆಗೆ ಹೋಗುತ್ತೆ, ಅಲ್ಲಿಂದ 1035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತೆ. ಈ ದಾರಿಯಲ್ಲಿ ಜೋಗದ ಗುಂಡಿ ಬರೋದೇ ಇಲ್ಲ. ನಮ್ಮ ನಿಮ್ಮ ಲ್ಯಾಪ್‌ಟಾಪಿನ ಚಾರ್ಜಿನಲ್ಲಿ ಇರೋದು ಆ ನೀರೇ. ಮಳೆಗಾಲ ಜೋರಾಗಿ, ಅಣೆಕಟ್ಟು ತುಂಬಿ ಗೇಟು ತೆಗೆದಾಗ ಸಿಗೋದು ನಿಜವಾದ ಜೋಗ. ಅದೂ ಬಿಳೀ ಅಲ್ಲ, ಮಣ್ಣು ಕಲೆಸಿಕೊಂಡ ಕೆನ್ನೀರು. ಉಳಿದ ಹೊತ್ತು ಎಳೆ ಎಳೆ ನೀರು. ಬೇಸಿಗೆಯಲ್ಲಿ ಹೋದರೆ ಬಂಡೆ ನೋಡಿಕೊಂಡು, ಸೌತೆಕಾಯಿ ತಿಂದು ವಾಪಸ್ ಬರಬೇಕು.

ಲಾಂಗ್ ಎಕ್ಸ್‌ಪೋಷರ್‌ನ ನಿಜವಾದ ಮೋಸ ಇರೋದು ಇಲ್ಲಿ. ಗಾಳಿಗೆ ಅತ್ತಿತ್ತ ತೂಗಾಡೋ ಒಂದು ಸಣ್ಣ ಎಳೆಯನ್ನು ಎಂಟು ಸೆಕೆಂಡ್ ಹಿಡಿದರೆ, ಅದು ತೂಗಾಡಿದ ಜಾಗವೆಲ್ಲ ಬೆಳ್ಳಗಾಗಿ, ಅಗಲವಾದ ಪರದೆಯ ಹಾಗೆ ಕಾಣುತ್ತೆ. ಬೊಗಸೆ ನೀರಿಗೆ ಕೊಡ ನೀರಿನ ವೇಷ. ಫೆಬ್ರುವರಿಯ ಬಡಕಲು ಜೋಗ ಆಗಸ್ಟಿನ ಜೋಗದ ತಂಗಿಯ ಹಾಗೆ ಕಾಣುತ್ತೆ. ಅದನ್ನು ನೋಡಿ ನಾಲ್ಕು ತಾಸು ಕಾರು ಓಡಿಸಿಕೊಂಡು ಹೋದವರು ಅಲ್ಲಿ ಬೈಕೊಂಡು ಬರ್ತಾರೆ, ಅದು ಸಣ್ಣ ವಿಷಯ. ದೊಡ್ಡ ವಿಷಯ ಬೇರೆ ಇದೆ. 'ಮಲೆನಾಡಲ್ಲಿ ನೀರಿಗೇನು ಬರ' ಅನ್ನೋ ನಂಬಿಕೆ ನಮ್ಮ ತಲೆಯಲ್ಲಿ ಕೂತಿದೆ, ಆ ನಂಬಿಕೆಗೆ ಇಂಥ ಒಂದೊಂದು ಫೋಟೊವೂ ಒಂದೊಂದು ಮೊಳೆ ಹೊಡೆಯುತ್ತೆ. 2019ರಲ್ಲಿ ಲಿಂಗನಮಕ್ಕಿಯಿಂದ ಬೆಂಗಳೂರಿಗೆ ಕುಡಿಯೋ ನೀರು ತರೋ ಪ್ರಸ್ತಾಪ ಎದ್ದಾಗ ಶಿವಮೊಗ್ಗ ಜಿಲ್ಲೆಯೇ ಬಂದ್ ಮಾಡಿ ಬೀದಿಗಿಳಿಯಿತು. ಅಷ್ಟೊಂದು ನೀರು ಇಟ್ಟುಕೊಂಡು ಕೊಡೋಕೇನು ಅಂತ ಕೇಳಿದವರು ನಮ್ಮಲ್ಲೇ ಎಷ್ಟು ಜನ ಇರಲಿಲ್ಲ? ಅವರು ನೋಡಿದ್ದು ಯಾವ ತಿಂಗಳ, ಎಷ್ಟು ಸೆಕೆಂಡಿನ ಶರಾವತಿ?

ನೀರು ನೋಡೋದು ಹೇಗೆ ಅಂತ ಕಲೀಬೇಕಾದರೆ ದಾವಣಗೆರೆ ಪಕ್ಕದ ಕುಕ್ಕುವಾಡಕ್ಕೆ ಹೋಗಿ. ಭತ್ತ, ಕಬ್ಬು, ಒಂದು ಸಕ್ಕರೆ ಕಾರ್ಖಾನೆ. ಜಲಪಾತ ಯಾವುದೂ ಇಲ್ಲ. ಆದರೆ ಲಕ್ಕವಳ್ಳಿಯ ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ ಅಂತ ಈ ಸೀಮೆಯಲ್ಲಿ ಸ್ಕೂಲ್ ಹುಡುಗರೂ ಹೇಳ್ತಾರೆ. ಇವತ್ತು ಎಷ್ಟಡಿ ಇದೆ ಅನ್ನೋದು ಚಹಾದಂಗಡಿಯ ಮೊದಲ ಮಾತು. 2023ರ ಬರದಲ್ಲಿ ನಾಲೆಗೆ ಎಷ್ಟು ದಿನ ನೀರು ಬಿಡಬೇಕು ಅಂತ ದಾವಣಗೆರೆ ಕಡೆಯ ರೈತರು ರಸ್ತೆಯಲ್ಲಿ ಕೂತಿದ್ದರು. ಇಂಥ ಊರಿಗೆ ರಜೆಗೆ ಬಂದ ನನ್ನ ಚಿಗಪ್ಪನ ಮಗ ಹೊಸ ಫಿಲ್ಟರಿನ ಪ್ರಾಕ್ಟೀಸ್‌ಗೆ ಅಂತ ನಡುಮಧ್ಯಾಹ್ನ ತೂಬಿನ ಮುಂದೆ ಟ್ರೈಪಾಡ್ ಹೂಡಿದ. ನೀರು ತೂಬಿಂದ ಧುಮುಕೋ ಕಡೆ ಹದಿನೈದು ನಿಮಿಷ ಒದ್ದಾಡಿ ಒಂದು ಫೋಟೊ ತೆಗೆದು ದೊಡ್ಡಪ್ಪನಿಗೆ ತೋರಿಸಿದ. ದೊಡ್ಡಪ್ಪ ಮೊಬೈಲನ್ನ ಬಿಸಿಲಿಗೆ ಅಡ್ಡ ಹಿಡಿದು ನೋಡಿದರು.

"ಏನಪಾ ಇದು, ಬರೀ ಹೊಗಿ ಐತಲ್ಲ? ನೀರು ಎಷ್ಟು ಬಂದೈತಿ ಅಂತ ಇದ್ರಾಗ ಹೆಂಗ ತಿಳೀಬೇಕು?"

ಅವನು ಏನೇನೋ ವಿವರಿಸಿದ. ದೊಡ್ಡಪ್ಪ ತಲೆ ಆಡಿಸಿದರು, ಒಪ್ಪಲಿಲ್ಲ. ತೂಬಿನ ಸದ್ದು ಕೇಳಿ, ತೇಲಿ ಬರೋ ಕಸದ ಓಟ ನೋಡಿ, ನೀರು ಕೊನೇ ಹೊಲ ಮುಟ್ಟುತ್ತೋ ಇಲ್ವೋ ಅಂತ ಲೆಕ್ಕ ಹಾಕೋ ಮನುಷ್ಯ ಅವರು. ಓಟ, ಬಣ್ಣ, ಸದ್ದು, ಎತ್ತರ ಈ ನಾಲ್ಕೂ ಸೇರಿದರೆ ಅವರ ಪಾಲಿಗೆ ನೀರು. ಫೋಟೊಗೆ ಸದ್ದು ಸಿಗಲ್ಲ ಬಿಡಿ. ಉಳಿದ ಮೂರನ್ನ ಫೋಟೊ ತೋರಿಸಬಹುದಿತ್ತು. ಮೂರನ್ನೂ ಒರೆಸಿ, ಉಳಿದದ್ದಕ್ಕೆ ನಾವು 'ಡ್ರೀಮಿ' ಅಂತ ಹೆಸರಿಟ್ಟಿದ್ದೀವಿ.

ಒರೆಸಿಹೋಗೋದು ನೀರಿನ ಬಲ ಕೂಡ. 2023ರ ಜುಲೈನಲ್ಲಿ ಕೊಲ್ಲೂರಿನ ಹತ್ತಿರದ ಅರಿಶಿನಗುಂಡಿ ಜಲಪಾತದಲ್ಲಿ ಬಂಡೆ ಮೇಲೆ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ಕೊಚ್ಚಿಹೋದ ವಿಡಿಯೊ ನಾವೆಲ್ಲ ನೋಡಿದ್ದೇವೆ. ಆ ವಿಡಿಯೊದಲ್ಲಿ ನೀರು ಹೇಗಿತ್ತು ನೆನಪಿಸಿಕೊಳ್ಳಿ. ಕೆರಳಿತ್ತು. ನೋಡಿದವರಿಗೆ ಕಾಲು ಹಿಂದೆ ಸರಿಯೋ ಹಾಗಿತ್ತು. ಅದೇ ನೀರನ್ನು ಫಿಲ್ಟರ್ ಹಾಕಿ ತೆಗೆದಿದ್ದರೆ ರೇಷ್ಮೆಯ ಹಾಸಿಗೆ ಕಾಣುತ್ತಿತ್ತು. ಈಜು ಬಾರದ ಹುಡುಗರ ಗುಂಪು ಇನ್‌ಸ್ಟಾಗ್ರಾಮಿನಲ್ಲಿ ರೇಷ್ಮೆ ನೋಡಿಕೊಂಡು ಪಶ್ಚಿಮ ಘಟ್ಟಕ್ಕೆ ಹೊರಡೋದು ನನಗಂತೂ ತಮಾಷೆಯಲ್ಲ.

'ಕಲೆ ಅಂದ್ರೆ ವಾಸ್ತವ ಅಲ್ಲ, 1/4000ರಲ್ಲಿ ಹನಿ ಹನಿ ಹೆಪ್ಪುಗಟ್ಟಿಸಿದರೆ ಅದೂ ಕಣ್ಣಿಗೆ ಕಾಣೋ ನೀರಲ್ಲ' ಅಂತ ನೀವು ವಾದಿಸಬಹುದು. ಸರಿಯಾದ ಮಾತೇ. ಗಾಜಿನ ಚೂರಿನ ಹಾಗೆ ನಿಂತ ನೀರೂ ಸುಳ್ಳೇ. ಆದರೆ ಈ ಎರಡರ ನಡುವೆ ಎಷ್ಟು ದೊಡ್ಡ ಬಯಲಿದೆ! 1/30, 1/60 ಇಟ್ಟು ನೋಡಿ. ನೀರು ಓಡಿದ್ದೂ ಕಾಣುತ್ತೆ, ನೀರು ಅನ್ನೋದೂ ಕಾಣುತ್ತೆ. ಅದಕ್ಕೆ ಹತ್ತು ಸ್ಟಾಪಿನ ಗಾಜು ಬೇಡ, ಎಫ್ 16 ಜೊತೆಗೆ ಒಂದು ಪೋಲರೈಸರ್ ಸಾಕು. ರಾಕೆಟ್ ಚಿಮ್ಮೋದು ಬೇಕಾ? ಎಫ್ 8, 1/500. ಬಿಳಿ ನೊರೆ ಸುಟ್ಟುಹೋಗದ ಹಾಗೆ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ, ಅಷ್ಟೇ.

ಬಿಸಿಲನ್ನು ಶತ್ರು ಅಂದುಕೊಂಡಿದ್ದೇ ಮೂಲ ತಪ್ಪು. ಸೂರ್ಯ ನಿಮ್ಮ ಬೆನ್ನ ಹಿಂದೆ ಇಳಿಮುಖವಾಗಿದ್ದಾಗ ಜಲಪಾತದ ತುಂತುರಿನಲ್ಲಿ ಕಾಮನಬಿಲ್ಲು ಕಟ್ಟುತ್ತೆ. ಬಿಸಿಲಿಲ್ಲದೆ ಅದು ಹುಟ್ಟಲ್ಲ. ಆಗ ಪೋಲರೈಸರನ್ನು ಜೋಪಾನವಾಗಿ ತಿರುಗಿಸಿ, ತಪ್ಪು ಕೋನಕ್ಕೆ ತಿರುಗಿಸಿದರೆ ಬಿಲ್ಲೇ ಮಾಯ. ಬಿಸಿಲು ಪುಕ್ಕಟೆ ಕೊಟ್ಟ ಬಣ್ಣ ಬಿಟ್ಟು, ದುಡ್ಡು ಕೊಟ್ಟು ಕತ್ತಲೆ ಕೊಂಡುಕೊಳ್ಳೋದು ಯಾವ ಜಾಣತನ?

ಇಷ್ಟಾದ ಮೇಲೂ ಹಾಲೇ ಬೇಕು ಅನ್ನೋರು ತೆಗೀರಿ, ಯಾರೂ ಕೈ ಹಿಡಿಯಲ್ಲ. ಆದರೆ ಕ್ಯಾಪ್ಶನ್ನಿನಲ್ಲಿ ಹೃದಯ, ಎಲೆ, ನವಿಲುಗರಿ ಹಾಕೋ ಜಾಗದಲ್ಲಿ ಎರಡೇ ಎರಡು ವಿಷಯ ಬರೀರಿ: ಯಾವ ತಿಂಗಳು, ಎಷ್ಟು ಸೆಕೆಂಡ್. 'ಜೋಗ, ಫೆಬ್ರುವರಿ, 8 ಸೆಕೆಂಡ್' ಅಂತ ಇದ್ದರೆ ನೋಡಿದವನಿಗೆ ಉಳಿದದ್ದು ತಾನೇ ಅರ್ಥ ಆಗುತ್ತೆ. ಹಾಲು ಮಾರೋರಿಗೆ ಎಷ್ಟು ನೀರು ಬೆರೆಸಿದೀಯಪ್ಪ ಅಂತ ಕೇಳೋ ನಾವು, ನೀರಿಗೆ ಎಷ್ಟು ಹಾಲು ಬೆರೆಸಿದ್ದೀವಿ ಅಂತ ಹೇಳೋಕೆ ಹಿಂದೆಮುಂದೆ ನೋಡಬಾರದು.