ಗಾಳ ಹಾಕುವವರಿಗೊಂದು ದಾರಿ

ಹೇಮಾವತಿ ನಾಲೆಯ ನೀರು ಬಂದು ಕಳ್ಳಂಬೆಳ್ಳ, ಶಿರಾ ಕೆರೆಗಳು ತುಂಬಿದಾಗ ಗಾಳ ಹಿಡಿದವರೂ ಬರುತ್ತಾರೆ. ಕಡಲಿಲ್ಲದ ಈ ಸೀಮೆಗೆ ಕೆರೆಯಂಗಳವೇ ತೀರ. ಆದರೆ ನೀರಿನವರೆಗೆ ಹೋಗುವುದು ಹೇಗೆ? ಏರಿಯ ಮೇಲೇನೋ ನಡೆಯಬಹುದು. ಅಂಗಳಕ್ಕಿಳಿದರೆ ಬಳ್ಳಾರಿ ಜಾಲಿಯ ಮುಳ್ಳು, ಅದನ್ನು ದಾಟಿದರೆ ಎಷ್ಟೋ ಕಡೆ ಒತ್ತುವರಿಯ ಬೇಲಿ. ಮೀನುಗಾರಿಕೆ ಇಲಾಖೆಯೋ ಪಂಚಾಯಿತಿಯೋ ಕೆರೆಯನ್ನು ಗುತ್ತಿಗೆಗೆ ಕೊಟ್ಟಿದ್ದರೆ ಬಿತ್ತನೆ ಮಾಡಿದ ಕಾಟ್ಲಾ, ರೋಹು ಗುತ್ತಿಗೆದಾರರದು. ಅವರನ್ನು ಕೇಳದೆ ಗಾಳ ಇಳಿಸಬಾರದು, ಸರಿ. ದಡ ಮಾತ್ರ ಊರಿನದು. ಮಧುಗಿರಿ, ಕೊರಟಗೆರೆ, ಪಾವಗಡಗಳಲ್ಲೂ ಹೂಳೆತ್ತುವಾಗಲೇ ದನಕರು ನೀರಿಗಿಳಿಯುವ ಹಳೆಯ ಜಾಡುಗಳನ್ನು ಅಳೆದು ಗಡಿಕಲ್ಲು ನೆಡಬೇಕು. ತೂಬು, ಕೋಡಿಗಳಿಂದ ದೂರದಲ್ಲಿ, ಗಟ್ಟಿನೆಲದ ಮೇಲೆ ನಾಲ್ಕು ಮಂದಿ ಕೂರುವಷ್ಟು ಜಾಗ ಸಾಕು.